ನವಿಲುಗರಿಯ ಬೆಂಡು

ಅತ್ತೆ ತುಮಕೂರಿನಿಂದ ಜಪಾನಿನ ತ್ಸುಕುಬಾಕ್ಕೆ ಬಂದದ್ದು ಮೊಮ್ಮಗಳನ್ನು ನೋಡಲು. ಚೆರ್ರಿ ಹೂವು ಅರಳುವುದನ್ನೂ ನೋಡಿಕೊಂಡು ಹಿಂದಿರುಗುವುದೆಂದಿತ್ತು. ಹೂವು ಸಮಯಕ್ಕೆ ಸರಿಯಾಗಿ ಅರಳಿತು. ಅಷ್ಟರೊಳಗೆ ವಿಮಾನಗಳು ನಿಂತುಹೋದವು.

ಮೊದಮೊದಲು ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಶಾಲೆ ಮುಚ್ಚಿದ್ದರಿಂದ ಮಗಳು ಮನೆಯಲ್ಲೇ ಇದ್ದಳು. ಅವಳಿಗೆ ಹೂ ಕಟ್ಟುವುದು, ಚೌಕಾಬಾರ ಆಡುವುದು ಎಲ್ಲ ಹೇಳಿಕೊಟ್ಟರು. ಸರ್ಕಾರದವರು ವೀಸಾ ಮುಂದುವರಿಸಿ ಕೊಟ್ಟರು, ಅದಕ್ಕೂ ತೊಂದರೆಯಾಗಲಿಲ್ಲ. ಆದರೆ ಎರಡನೇ ಸಲವೂ ಟಿಕೆಟ್ ರದ್ದಾದ ಮೇಲೆ ಅತ್ತೆ ಮೌನವಾದರು. ಬಟ್ಟೆಗಳನ್ನೆಲ್ಲ ಸೂಟ್‌ಕೇಸಿಗೆ ತುಂಬಿಟ್ಟು, ಬೇಕಾದ ಒಂದು ಸೀರೆಯನ್ನು ಮಾತ್ರ ಹೊರಗೆ ತೆಗೆಯುವುದು, ಒಗೆದು ಒಣಗಿದ ಮೇಲೆ ಮತ್ತೆ ಒಳಗಿಡುವುದು. ಬಾಗಿಲಾಚೆ ಕಾಲಿಡುತ್ತಿರಲಿಲ್ಲ. ಎರಡು ಚಪಾತಿ ತಿನ್ನುತ್ತಿದ್ದವರು ಅರ್ಧಕ್ಕೆ ಇಳಿದರು. ಮಾವ ಊರಿನಿಂದ ನನ್ನ ಫೋನಿಗೆ ಬೇರೆಯಾಗಿ ಕರೆ ಮಾಡಿ, "ಅವಳು ಊಟ ಸರಿಯಾಗಿ ಮಾಡ್ತಿದಾಳೇನಮ್ಮ? ವಿಡಿಯೋದಲ್ಲಿ ಕತ್ತಿನ ಮೂಳೆ ಕಾಣ್ತಿತ್ತು" ಎಂದರು. ಬಂದಾಗ ಹೇಗಿದ್ದರೋ ಹಾಗೇ ಅವರನ್ನು ಊರಿಗೆ ಕಳಿಸಿಕೊಡುವುದು ಹೇಗೆ ಎನ್ನುವುದೊಂದೇ ಆ ಬೇಸಿಗೆಯ ನನ್ನ ಚಿಂತೆಯಾಯಿತು.

ನಮ್ಮದು ಎರಡು ಕೋಣೆಯ ಮನೆ. ಯಜಮಾನರ ಸಂಶೋಧನಾಲಯ ಆಗ ಅಡುಗೆಮನೆಯ ಮೇಜಿನ ಮೇಲೆ ನಡೆಯುತ್ತಿತ್ತು. ಅವರು ಮೀಟಿಂಗಿನಲ್ಲಿರುವಾಗ ಒಗ್ಗರಣೆ ಸಿಡಿಸುವಂತಿರಲಿಲ್ಲ. ಹೊರಗೆ ಹೋಗೋಣವೆಂದರೆ ಅತ್ತೆ, "ನೀವು ಹೋಗಿ ಬನ್ನಿ, ನಾನು ಯಾರಿಗೆ ಅಡ್ಡ?" ಎಂದು ಗೋಡೆಯತ್ತ ತಿರುಗುತ್ತಿದ್ದರು.

ಅವರು ಕಾಣದಿರುವುದನ್ನು ನನಗಿಂತ ಚೆನ್ನಾಗಿ ಗಮನಿಸಿದ್ದು ಕೆಳಗಿನ ಮನೆಯಾಕೆ. ಪಿಯಾನೋ ಕಲಿಸುತ್ತಿದ್ದವರಾದ್ದರಿಂದ ಇಡೀ ಕಟ್ಟಡ ಅವರನ್ನು ಸೆನ್ಸೇ, ಅಂದರೆ ಟೀಚರ್, ಎಂದೇ ಕರೆಯುತ್ತಿತ್ತು. ಕೊರೋನಾ ಬಂದ ಮೇಲೆ ಪಾಠ ನಿಂತಿತ್ತು. ಒಂದು ಬೆಳಿಗ್ಗೆ ಕಸದ ಚೀಲ ಇಡಲು ಹೋದಾಗ ಮಾಸ್ಕಿನ ಹಿಂದಿನಿಂದ ಮೆಲ್ಲಗೆ ಕೇಳಿದರು: "ಒಬಾಸಾನ್ ಬಾಲ್ಕನಿಗೆ ಬಂದು ಆ ಗಿಡಕ್ಕೆ ನೀರು ಹಾಕೋದು ನಿಂತಿದೆ. ಹುಷಾರಾಗಿದ್ದಾರಾ?" ಒಬಾಸಾನ್ ಅಂದರೆ ಅಜ್ಜಿ, ಆ ಗಿಡ ನಮ್ಮ ತುಳಸಿ. ನನ್ನ ಅರೆಬರೆ ಜಪಾನೀ ಭಾಷೆಯಲ್ಲಿ ಇದ್ದದ್ದನ್ನು ಹೇಳಿದೆ. ಸೆನ್ಸೇ, "ನಾನು ವಾರಕ್ಕೆರಡು ಸಲ ಹೆರಾಬುನ ಹಿಡಿಯೋಕೆ ಹೋಗ್ತೀನಿ. ಕರ್ಕೊಂಡು ಬನ್ನಿ. ಸುಮ್ಮನೆ ಕೂತ್ಕೋಬಹುದು" ಎಂದರು.

ಹೆರಾಬುನ ಎಂದರೆ ಗೆಂಡೆಮೀನಿನ ಜಾತಿಯ, ಚಪ್ಪಟೆಯಾದ, ಬೆಳ್ಳಿಬಣ್ಣದ ಮೀನು. ಗದ್ದೆಗಳ ನಡುವೆ ಕಾಲುಹಾದಿಯಲ್ಲಿ ಸ್ವಲ್ಪ ದೂರ ನಡೆದರೆ ಆ ಮೀನಿಗೆಂದೇ ಇಟ್ಟುಕೊಂಡ ಕೊಳವೊಂದಿತ್ತು. ಅಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಮೀನು ಹಿಡಿಯುವ ಕಡೆಗೆ ಕರೆದರೆ ಅತ್ತೆಗೆ ಸಿಟ್ಟಾದರೂ ಬರಲಿ, ಆ ಮೌನಕ್ಕಿಂತ ಅದೇ ವಾಸಿ ಎಂದುಕೊಂಡು ವಿಷಯ ಎತ್ತಿದೆ.

"ತಿನ್ನಲ್ಲ ಅಂತೀಯ. ಮತ್ತೆ ಯಾಕೆ ಹಿಡೀತಾರೆ?"

"ಬಿಡೋದಕ್ಕೆ ಅತ್ತೆ."

"ಬಿಡೋದಕ್ಕೆ ಹಿಡಿಯೋದಾ? ಅಲ್ಲೇ ಇರುತ್ತಲ್ಲ, ಅದ್ನೇನು ಬಿಡೋದು?" ಎಂದವರು ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ, "ಆಯಮ್ಮ ನೋಡಿದ್ರೆ ಸಾಧು ಥರ ಇದಾಳೆ" ಎಂದರು. ಮಾರನೆಯ ದಿನ ಚಪ್ಪಲಿ ಮೆಟ್ಟಿದರು.

ಕೊಳದ ಮೇಲೆ ಉದ್ದಕ್ಕೆ ಮರದ ಹಲಗೆಯ ಸೇತುವೆ. ಸೋಂಕಿನ ಕಾಲವಾದ್ದರಿಂದ ಒಂದು ಜಾಗ ಬಿಟ್ಟು ಒಂದರಲ್ಲಿ ಜನ. ಎಲ್ಲರೂ ದಿಂಬು ಹಾಕಿಕೊಂಡು ಚಕ್ಕಳಮಕ್ಕಳ ಕೂತು, ಮುಂದೆ ಗಾಳದ ಕೋಲನ್ನು ಒಂದು ಕವೆಗೋಲಿಗೆ ಒರಗಿಸಿದ್ದರು. ಅತ್ತೆಗೆ ಹಿಡಿಸಿದ ಮೊದಲ ಸಂಗತಿ ಅದು. ನೆಲದ ಮೇಲೆ ನೆಟ್ಟಗೆ ಕೂರುವ ಜನರ ಬಗ್ಗೆ ಅವರಿಗೆ ಮೊದಲಿನಿಂದಲೂ ಗೌರವ.

ಸೆನ್ಸೇ ತಮ್ಮ ಸಾಮಾನನ್ನು ಹರವಿ ತೋರಿಸಿದರು. ರಾಟೆ ಇಲ್ಲದ ಹಗುರ ಕೋಲು. ಕೋಲಿನಷ್ಟೇ ಉದ್ದದ ದಾರ. ತುದಿಯಲ್ಲಿ ಎರಡು ಪುಟ್ಟ ಗಾಳ. ಮೀನಿಗೆ ಗಾಯವಾಗದಿರಲೆಂದು ಅದಕ್ಕೆ ಒಳಮುಳ್ಳು ಇರಲಿಲ್ಲ. ಅತ್ತೆ ಗಾಳದ ತುದಿಯನ್ನು ಬೆರಳ ಮೇಲೆ ಒತ್ತಿ ನೋಡಿಕೊಂಡರು. ಆಮೇಲೆ ಸೆನ್ಸೇ ಬೆಂಡಿನ ಪೆಟ್ಟಿಗೆ ತೆರೆದರು. ಮೀನು ಮುಟ್ಟಿದ್ದು ತಿಳಿಯಲೆಂದು ದಾರಕ್ಕೆ ಕಟ್ಟಿ ತೇಲಿಬಿಡುವ, ಪೆನ್ಸಿಲಿಗಿಂತ ತೆಳುವಾದ ಬೆಂಡುಗಳು. ತುದಿಯ ಕಡ್ಡಿಗೆ ಕೆಂಪು, ಹಳದಿ, ಹಸಿರು ಪಟ್ಟೆ. ಹೊಟ್ಟೆಯ ಭಾಗ ಯಾತರದೆಂದು ಮಗಳ ಕೈಲಿ ಕೇಳಿಸಿದೆ.

"ಪೀಕಾಕ್ ಫೆದರ್ ಅಂತೆ ಅಜ್ಜಿ. ದಂಟು."

"ನವಿಲುಗರಿನಾ?" ಅತ್ತೆ ಕೈ ಚಾಚಿದರು. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ತೂಕವೇ ಇಲ್ಲದ ಅದನ್ನು ತುಂಬ ಹೊತ್ತು ನೋಡಿದರು. ಆ ವಾರಗಳಲ್ಲಿ ಅವರು ಏನನ್ನಾದರೂ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

ದಾರಕ್ಕೆ ಗಾಳ ಕಟ್ಟುವುದನ್ನು ಸೆನ್ಸೇ ನನಗೆ ಹೇಳಿಕೊಟ್ಟರು. ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ ಸಿಸ್ಟರ್ ಬಿಚ್ಚಿಸಿ ಬಿಚ್ಚಿಸಿ ಹಾಕಿಸಿದ ಗಂಟುಗಳ ಪುಣ್ಯದಿಂದ ಅದು ಮೊದಲ ಸಲಕ್ಕೇ ಬಂತು. ಮೀನು ಹಿಡಿಯುವ ವಿಚಾರದಲ್ಲಿ ನಾನು ಪಡೆದ ಮೊದಲ ಮೆಚ್ಚುಗೆಯೂ ಕೊನೆಯ ಮೆಚ್ಚುಗೆಯೂ ಅದೇ.

ಈ ಮೀನಿಗೆ ಹುಳು ಬೇಡ, ಹಿಟ್ಟು ಸಾಕು. ಗೋಧಿಯ ಅಂಟು, ಒಣಗಿದ ಆಲೂಗಡ್ಡೆಯ ಪುಡಿ ಇತ್ಯಾದಿ ಬೆರೆತ ಪೊಟ್ಟಣ. ಸೆನ್ಸೇ ಬೋಗುಣಿಗೆ ಪುಡಿ ಸುರಿದು, ನೀರು ಹಾಕಿ, ಬೆರಳುಗಳನ್ನು ಅಗಲ ಮಾಡಿ ನಾಲ್ಕಾರು ಸುತ್ತು ಆಡಿಸಿ ಕೈ ತೆಗೆದರು. ಉಂಡೆಯೂ ಆಗದ, ಪುಡಿಯೂ ಅಲ್ಲದ ಅದನ್ನು ಕಂಡು ಅತ್ತೆಗೆ ತಡೆಯಲಾಗಲಿಲ್ಲ.

"ಅಯ್ಯೋ, ಹಾಗೇ ಬಿಟ್ರಲ್ಲ. ಕೊಡಿ ಇಲ್ಲಿ."

ಮುದ್ದೆ ಕಟ್ಟಿದ ಕೈ ಅದು. ಬೋಗುಣಿಯನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡು, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರು. ಒಂದು ಗಂಟೂ ಉಳಿಯಲಿಲ್ಲ. ಕೊನೆಗೆ ನುಣ್ಣಗೆ ಹೊಳೆಯುವ ಉಂಡೆಯನ್ನು ಮುಂದಿಟ್ಟಾಗ ನನಗೂ, ಆಹಾ, ಹಿಟ್ಟು ಅಂದರೆ ಇದು ಅನ್ನಿಸಿತು. ಸೆನ್ಸೇ ತಲೆಬಾಗಿಸಿ, "ಬಹಳ ಸುಂದರವಾಗಿದೆ" ಎಂದರು. ಅದರಿಂದಲೇ ಚಿವುಟಿ ಎರಡು ಗಾಳಕ್ಕೂ ಹುಣಸೆಬೀಜದಷ್ಟು ಮೆತ್ತಿ, ಕೋಲನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಬೇಡವೆನ್ನಲಿಲ್ಲ. ಹಿಟ್ಟು ಅವರದಲ್ಲವೇ.

ಬೆಂಡು ಮುಳುಗಿ, ಪಟ್ಟೆ ಒಂದೆರಡು ಮಾತ್ರ ಮೇಲುಳಿಯಿತು. ಹಾಗೇ ನಿಂತಿತು. ಪಕ್ಕದವರ ಬೆಂಡುಗಳು ಮುಳುಗುತ್ತ, ನಿಧಾನಕ್ಕೆ ಏಳುತ್ತ, ಮೀನು ತರುತ್ತ ಇದ್ದವು. ಸೆನ್ಸೇಯ ಬುಟ್ಟಿಬಲೆ ನೀರಿಗೆ ಇಳಿಯುತ್ತಲೇ ಇತ್ತು. ಅತ್ತೆಯದು ಮಾತ್ರ ಮೊಳೆ ಹೊಡೆದಂತೆ. ಮಧ್ಯಾಹ್ನದವರೆಗೂ ಒಂದು ಮೀನೂ ಮೂಸಲಿಲ್ಲ.

ಹಿಂದಿರುಗುವಾಗ ಮಗಳು ದಾರಿಯಲ್ಲೇ ಸೆನ್ಸೇಯನ್ನು ಜಪಾನಿಯಲ್ಲಿ ಏನೋ ಕೇಳಿದಳು. ಅವರು ಬಹಳ ಸಂಕೋಚಪಟ್ಟು ಉತ್ತರ ಕೊಟ್ಟರು. ಮಗಳಿಗೆ ಸಂಕೋಚವಿರಲಿಲ್ಲ.

"ಅಜ್ಜಿ, ಯುವರ್ ಹಿಟ್ಟು ಈಸ್ ಟೂ ಗುಡ್ ಅಂತೆ. ನೀರಲ್ಲಿ ಬ್ರೇಕ್ ಆಗ್ಬೇಕಂತೆ. ಆಗ್ಲೇ ಇಲ್ಲ."

ವಿಷಯ ಇಷ್ಟು. ಈ ಮೀನು ಕಚ್ಚಿ ತಿನ್ನುವುದಿಲ್ಲ. ನೀರಿನಲ್ಲಿ ಹಿಟ್ಟು ಕರಗಿ ಉದುರಿ ಮಂಜಿನಂತೆ ಹರಡಬೇಕು. ಅದನ್ನು ಹೀರಲು ಮೀನು ಬರುತ್ತದೆ, ಆಗ ಉಳಿದ ಚೂರಿನ ಜೊತೆ ಗಾಳವೂ ಬಾಯಿಗೆ ಹೋಗುತ್ತದೆ. ಹಿಟ್ಟು ಕರಗಿದಷ್ಟೂ ಭಾರ ಇಳಿದು ಬೆಂಡಿನ ಪಟ್ಟೆಗಳು ಒಂದೊಂದಾಗಿ ಮೇಲೇಳುತ್ತವೆ. ನಮ್ಮ ಹಿಟ್ಟು ಗಾಳ ಬಿಡದೆ ಕೂತಿತ್ತು.

ಅತ್ತೆ ಮುಖ ಬಿಗಿಮಾಡಿಕೊಂಡರು. "ಮದುವೆಯಾದಾಗಿಂದ ಹಿಟ್ಟು ನಾದಿದೀನಿ. ಇನ್ನು ಮೀನಿನ ಹತ್ರ ಕಲೀಬೇಕಾ?" ಅಂದಿನ ರಾತ್ರಿ ಊಟಕ್ಕೆ ಏಳಲೇ ಇಲ್ಲ. ಸೆನ್ಸೇ ಮುಂದಿನ ಸಲ ಹೊರಟಾಗ, "ಕಾಲು ನೋವು ಅಂತ ಹೇಳು" ಎಂದು ಹೊದ್ದುಕೊಂಡರು. ಎಬ್ಬಿಸಲು ಹೋಗಿ ಇನ್ನಷ್ಟು ಮಲಗಿಸಿಬಿಟ್ಟೆನೇನೋ ಎಂದುಕೊಂಡೆ.

ಕೆಲವು ದಿನಗಳಾದ ಮೇಲೆ ಮಗಳು ಹಟ ಮಾಡಿದಳೆಂದು ರವೆ ಉಂಡೆ ಮಾಡಲು ಕೂತೆ. ನನ್ನ ಉಂಡೆಗಳು ಯಾವಾಗಲೂ ಒಡೆಯುತ್ತವೆ. ಒಡೆಯದಿರಲೆಂದು ಗಟ್ಟಿಯಾಗಿ ಅದುಮುತ್ತಿದ್ದೆ. ಒಳಕೋಣೆಯಿಂದ ಅತ್ತೆ ನೋಡುತ್ತಿದ್ದರು.

"ಕಲ್ಲು ಮಾಡ್ಬೇಡ್ವೆ. ಬಿಡು ಇತ್ಲಾಗೆ." ಎದ್ದು ಬಂದು ಕೂತರು. ಬಿಸಿ ರವೆಯನ್ನು ಮುಷ್ಟಿಯಲ್ಲಿ ಸುಮ್ಮನೆ ಒಂದು ಸಲ ಹಿಡಿದು, ಬೆರಳ ತುದಿಯಲ್ಲಿ ಉರುಳಿಸಿ ತಟ್ಟೆಗೆ ಬಿಟ್ಟರು. "ಕೈಯಲ್ಲಿ ನಿಲ್ಬೇಕು, ಬಾಯಲ್ಲಿ ಉದುರ್ಬೇಕು. ಅಷ್ಟೇ ಒತ್ತೋದು." ಎರಡನೆಯದನ್ನು ಹಿಡಿದವರು ಹಾಗೇ ಮುಷ್ಟಿ ನಿಲ್ಲಿಸಿದರು. ನನ್ನ ಮುಖ ನೋಡಿದರು.

"ಅಲ್ವೇ, ಆ ಮೀನಿಗೆ ಬೇಕಾಗಿದ್ದು ಇದಾ? ಮೊದ್ಲೇ ಹೇಳ್ಬಾರ್ದಾ ಆ ಪುಣ್ಯಾತ್‌ಗಿತ್ತಿ? ಚೆನ್ನಾಗಿದೆ ಚೆನ್ನಾಗಿದೆ ಅಂತ ತಲೆ ಆಡಿಸ್ತಾ ಕೂತಿದ್ಲು."

"ಅವರು ಹಾಗೆಲ್ಲ ಮುಖಕ್ಕೆ ಹೇಳಲ್ಲ ಅತ್ತೆ."

"ಹೇಳದೇ ಇದ್ರೆ ಪಿಯಾನೋ ಹೆಂಗ್ ಕಲಿಸಿದ್ಲು?"

ಮುಂದಿನ ಸಲ ಬಾಗಿಲಲ್ಲಿ ನಮಗಿಂತ ಮೊದಲು ನಿಂತಿದ್ದರು, ಕೈಯಲ್ಲಿ ಸೆನ್ಸೇಗೆಂದು ನಾಲ್ಕು ಉಂಡೆಯ ಡಬ್ಬಿ.

ಆ ದಿನ ಅತ್ತೆ ಹಿಟ್ಟಿಗೆ ಬೆರಳು ಸೋಕಿಸಿದರು ಅಷ್ಟೇ. ಬೆಂಡು ಇಳಿಯಿತು, ಹಸಿರು ಎದ್ದಿತು, ಹಳದಿ ಎದ್ದಿತು, ಮತ್ತೆ ಸಣ್ಣಗೆ, ರೆಪ್ಪೆ ಬಡಿದಷ್ಟು, ಒಂದು ಪಟ್ಟೆ ಕುಸಿಯಿತು. ಅಷ್ಟೇ ಸೂಚನೆ. ಎರಡು ಮೂರು ಸಲ ಕೋಲು ಎತ್ತಲು ತಡಮಾಡಿ ಮೀನು ಕಳೆದುಕೊಂಡರು. ಆಮೇಲೆ ಕೋಲು ಬಾಗಿತು, ಸೆನ್ಸೇ ಬಲೆ ಹಿಡಿದರು, ಅಂಗೈಯಗಲದ ಬೆಳ್ಳಿ ಮೀನೊಂದು ಬಾಯಿ ಅಗಲಿಸುತ್ತ ಬಂತು. ಗಾಳ ಒಂದು ತಿರುವಿಗೇ ಕಳಚಿತು. ನೀರಿಗೆ ಬಿಡುವ ಮೊದಲು ಅತ್ತೆ ಅದರ ಮೇಲೆ ಬಾಗಿ, ತಮಗೆ ಗೊತ್ತಿದ್ದ ಒಂದೇ ಜಪಾನೀ ಪದವನ್ನು ಹೇಳಿದರು: "ಸುಮಿಮಾಸೆನ್, ಕಣಪ್ಪ." ಪಕ್ಕದ ಜಾಗದ ಮುದುಕರು ಮಾಸ್ಕಿನೊಳಗೇ ನಕ್ಕರು. ಅಂದಿನಿಂದ ಅತ್ತೆ ಪ್ರತಿ ಮೀನಿಗೂ ಕ್ಷಮೆ ಕೇಳಿದರು. ಹಿಂಸೆಯೇ ಅಲ್ಲವೆಂದು ಅವರು ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಹೋಗುವುದನ್ನೂ ಬಿಡಲಿಲ್ಲ. ಮನೆಗೆ ಬಂದರೆ ಹಸಿವು ಹಸಿವು ಎಂದು ಸಾರು ಬಿಸಿಮಾಡುವಷ್ಟೂ ಕಾಯುತ್ತಿರಲಿಲ್ಲ. ಮಾವನ ವಿಡಿಯೋ ಕರೆಗಳಲ್ಲಿ ಈಗ ಬೆಂಡಿನ ಪಾಠ. "ಇವಳೇನು ಗಂಗಾಮತಸ್ಥಳಾಗಿ ಬರ್ತಾಳೋ ಏನೋ" ಎಂದು ಅವರು ಬೆಂಗಳೂರಿನ ದೊಡ್ಡ ಮಗನ ಮುಂದೆ ಖುಷಿಯಿಂದ ದೂರಿದರಂತೆ.

ಗದ್ದೆಗಳು ಹಳದಿಗೆ ತಿರುಗಿ, ಕೆಂಪು ಕೊಡತಿಹುಳುಗಳು ಕೋಲಿನ ತುದಿಗೆ ಬಂದು ಕೂರುತ್ತಿದ್ದ ಒಂದು ಶನಿವಾರ, ಕೊಳದಲ್ಲಿರುವಾಗ ಯಜಮಾನರ ಫೋನು ಬಂತು. "ಅಮ್ಮಂಗೆ ಕೊಡು. ಟಿಕೆಟ್ ಸಿಕ್ತು. ಈ ಸಲ ಗ್ಯಾರಂಟಿ, ಗುರುವಾರ."

ಫೋನನ್ನು ಅತ್ತೆಯ ಕಿವಿಯ ಹತ್ತಿರ ಹಿಡಿದೆ. ಅವರ ಕಣ್ಣು ಬೆಂಡಿನ ಮೇಲಿತ್ತು.

"ಇರು ಅನ್ನು ಅವ್ನಿಗೆ. ಏಳ್ತಾ ಇದೆ."

ಪಟ್ಟೆ ಕುಸಿಯಿತು, ಮೀನು ಬಂತು, ಕ್ಷಮೆ ಕೇಳಿಸಿಕೊಂಡು ಹೋಯಿತು. ಅತ್ತೆ ಕೈ ಒರೆಸಿಕೊಂಡು, "ಏನಂತೆ?" ಎಂದರು. ಹೇಳಿದೆ. ಮಾಸ್ಕನ್ನು ಮೇಲೆತ್ತಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ನಿಮ್ಮ ಮಾವಂಗೆ ಹೇಳಿದಾನಂತಾ?"

"ಹೇಳಿದ್ದಾರಂತೆ."

"ಹಂಗಾದ್ರೆ ಸರಿ." ಬೋಗುಣಿಯಿಂದ ಹಿಟ್ಟು ಚಿವುಟಿ, ಒತ್ತದೆ, ಸುಮ್ಮನೆ ಹಿಡಿದು ಗಾಳಕ್ಕೆ ಮೆತ್ತಿದರು. "ಮಂಗಳವಾರ ಬರ್ತಾರಾ ಕೇಳು ಆಯಮ್ಮನ್ನ. ಇನ್ನೊಂದು ಸಲಕ್ಕೆ ಸಮಯ ಇದೆ."