ಮಡಿಸಿಟ್ಟ ಕಂಬಳಿಗಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಡಯಾಲಿಸಿಸ್ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ರೋಗಿಗಳು ಇಟ್ಟ ಹೆಸರು ಸೂಜಿಯಮ್ಮ. ಬಾಯಿ ಜೋರು, ಕೈ ಹಗುರ. “ಕಿಡ್ನಿಯಂತೂ ಕೈಕೊಡ್ತು, ನೀವಾದ್ರೂ ಹೇಳಿದ ಮಾತು ಕೇಳಿ” ಎಂದು ಗದರುತ್ತಲೇ ಸೂಜಿ ಚುಚ್ಚಿ ಮುಗಿಸಿರುತ್ತಿದ್ದಳು. ಮುದುಕ ದರ್ಜಿ ನಗುತ್ತಿದ್ದ: “ನಾನು ಬಟ್ಟೆಗೆ ಚುಚ್ಚಿ ಬದುಕಿದೆ, ನೀನು ನನಗೆ ಚುಚ್ಚಿ ಬದುಕ್ತಿದ್ದೀಯ.” ರಕ್ತ ಹೊರಗೆ ಹೋಗಿ ಬರುವಷ್ಟು ಹೊತ್ತೂ ಮೈಯೆಲ್ಲ ಚಳಿ. ಅದಕ್ಕೇ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಕಂಬಳಿ ತಂದು ತಮ್ಮ ಕುರ್ಚಿಯ ಮೇಲೆ ಇಟ್ಟುಕೊಂಡಿದ್ದರು.

ಯುದ್ಧ ಊರಿನ ಹೊಸ್ತಿಲಿಗೆ ಬಂತು. ಡಾಕ್ಟರುಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅವರನ್ನು ದೂರುವಂತಿಲ್ಲ, ಜೀವ ಯಾರಿಗೆ ಬೇಡ? ಸೂಜಿಯಮ್ಮ ಉಳಿದಳು. ತಾನು ಹೋದರೆ ಈ ಜನ ಹೆಚ್ಚು ದಿನ ಬಾಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆದರೆ ಊರು ಬಿಡೋಣವೆಂದು ಅವಳ ಮಗಳು ಪಟ್ಟು ಬಿಡಲಿಲ್ಲ. ಗಂಡನನ್ನು ಶೆಲ್ ದಾಳಿ ನುಂಗಿತ್ತು, ಕಂಕುಳಲ್ಲಿ ಹಾಲು ಕುಡಿಯುವ ಕೂಸು. “ನೀನಿಲ್ದೆ ನಾನು ಹೊರಡಲ್ಲಮ್ಮ. ಸಾಯೋದಾದ್ರೆ ಮೂರು ಜನಾನೂ ಇಲ್ಲೇ ಸಾಯೋಣ.”

ಸೂಜಿಯಮ್ಮನ ಸಂಕಟ ದರ್ಜಿಯ ಕಿವಿಗೂ ಬಿತ್ತು. ಮರುದಿನ ಅವನೇ ಬಾಯಿಬಿಟ್ಟ. “ಪಕ್ಕದೂರಿನ ಆಸ್ಪತ್ರೆಯವರು ನಮ್ಮನ್ನೆಲ್ಲ ಕರ್ಕೊಂಡು ಹೋಗ್ತಾರೆ. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ. ನೀನು ನಿಶ್ಚಿಂತೆಯಿಂದ ಹೊರಡು ತಾಯಿ.” ಉಳಿದವರೂ ತಲೆಯಾಡಿಸಿದರು. ಅವಳು ನಂಬಿದಳು. ನಂಬುವುದು ಅವಳಿಗೂ ಬೇಕಾಗಿತ್ತು.

ಹೊರಡುವ ದಿನ ಮಧ್ಯಾಹ್ನ ಮಗಳನ್ನೂ ಕೂಸನ್ನೂ ವ್ಯಾನಿನಲ್ಲಿ ಕೂರಿಸಿ, ಬೀಗ ಹಾಕಿ ಬರುತ್ತೇನೆಂದು ನೆಲಮಾಳಿಗೆಗೆ ಇಳಿದಳು. ಕುರ್ಚಿಗಳು ಖಾಲಿ. ಪ್ರತಿ ಕುರ್ಚಿಯ ಮೇಲೂ ಕಂಬಳಿ ನೀಟಾಗಿ ಮಡಿಸಿಟ್ಟಿತ್ತು.

ಬೇರೆ ಕಡೆ ಡಯಾಲಿಸಿಸ್‌ಗೆ ಹೋಗುವವರು ಕಂಬಳಿ ಬಿಟ್ಟು ಹೋಗುತ್ತಾರೆಯೇ? ಒಬ್ಬರು ಮರೆಯಬಹುದು, ಎಲ್ಲರೂ ಮರೆಯುವುದುಂಟೆ? ಗಾಡಿಯೂ ಬಂದಿರಲಿಲ್ಲ, ಅವರನ್ನು ಕರೆದೊಯ್ಯುವ ಆಸ್ಪತ್ರೆಯೂ ಇರಲಿಲ್ಲ. ಅವಳನ್ನು ಉಳಿಸಲು ಎಲ್ಲರೂ ಮನೆಗೆ ಹೋಗಿ ಸಾವನ್ನು ಕಾಯುತ್ತ ಕುಳಿತಿದ್ದರು. ಜನರೇಟರಿನ ಡೀಸೆಲ್ ತಳ ಕಂಡಿತ್ತು; ಉಳಿದರೂ ಎಷ್ಟು ದಿನ ಉಳಿಸಬಲ್ಲಳು? ಮೇಲೆ ವ್ಯಾನಿನ ಹಾರ್ನ್ ಒಂದೇ ಸಮನೆ ಕೂಗುತ್ತಿತ್ತು.

ಮೇಲೆ ಹೋಗಿ ಮಗಳ ಕೆನ್ನೆ ಸವರಿದಳು. “ಆಸ್ಪತ್ರೆಯವರ ಗಾಡಿ ಹಿಂದೆ ಬರ್ತಿದೆ, ಅದರಲ್ಲಿ ಬರ್ತೀನಿ. ಕೂಸಿನ ತಲೆಗೆ ಬಟ್ಟೆ ಸುತ್ತು.” ಮಗಳು ತಾಯಿಯ ಮುಖವನ್ನೇ ನೋಡಿದಳು. ಸೂಜಿಯಮ್ಮ ನಕ್ಕಳು, ಬಾಗಿಲು ಎಳೆದಳು, ಡ್ರೈವರನಿಗೆ ಕೈ ಬೀಸಿದಳು.

ದರ್ಜಿಯ ಮನೆಯ ಬಾಗಿಲು ಬರೀ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಅವನು ಬಾತ ಕಾಲುಗಳನ್ನು ಚಾಚಿ ಗೋಡೆಗೆ ಒರಗಿದ್ದ. ಅವಳನ್ನು ಕಂಡು ಮುಖ ಮುಚ್ಚಿಕೊಂಡ.

“ಏಳಿ ತಾತ. ಡೀಸೆಲ್ ಇರೋವರೆಗೆ ಯಂತ್ರ ನಡೆಸೋಣ.”

“ಮಗಳಿಗೆ ಏನಂತ ಹೇಳಿ ಬಂದೆ?”

“ಹಿಂದಿನ ಗಾಡೀಲಿ ಬರ್ತೀನಿ ಅಂದೆ.”

“ನಂಬಿದಳಾ?”

“ನೀವು ಹೇಳಿದಾಗ ನಾನು ನಂಬಲಿಲ್ವಾ?” ಎಂದು ಅವನ ತೋಳಿಗೆ ಆಸರೆ ಕೊಟ್ಟಳು.