ಬಾಗಿಲ ಪಕ್ಕದ ಹಿತ್ತಾಳೆ ಫಲಕ

ಆಸ್ಪತ್ರೆಯವರು ಬಸ್ಸಿನ ಹಿಂದೆಲ್ಲ ಬೋರ್ಡು ಹಾಕಿಸುತ್ತಾರೆ, ವಕೀಲರು ಮಾತ್ರ ಯಾಕೆ ಜಾಹೀರಾತು ಕೊಡಬಾರದು ಎಂದು ಕಳೆದ ಭಾನುವಾರ ಊಟಕ್ಕೆ ಕೂತಾಗ ನೀವಿಬ್ಬರೂ ವಾದ ಮಾಡಿದಿರಿ. ಅಜ್ಜಿ ಏನಂತೀರಿ ಎಂದೂ ಕೇಳಿದಿರಿ. ನಾನು ಸಾರು ತರುವ ನೆಪದಲ್ಲಿ ಎದ್ದುಹೋದೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜಯಲಕ್ಷ್ಮಿಪುರಂನ ಈ ಮನೆಯ ಮುಂದಿನ ಕೋಣೆಯೇ ನಿಮ್ಮ ತಾತನ ಆಫೀಸಾಗಿತ್ತು. ಬಾಗಿಲ ಪಕ್ಕ ಒಂದು ಸಣ್ಣ ಹಿತ್ತಾಳೆ ಫಲಕ. ಹೆಸರು, ಡಿಗ್ರಿ, ಕೆಳಗೆ ವಕೀಲರು ಎಂದು. ಅದಕ್ಕಿಂತ ಹೆಚ್ಚು ಹೇಳಿಕೊಳ್ಳಲು ವಕೀಲಿ ವೃತ್ತಿಯ ನಿಯಮ ಬಿಡುತ್ತಿರಲಿಲ್ಲ, ಅವರಿಗೂ ಬೇಕಿರಲಿಲ್ಲ. ಹೆಸರು ಹಾಕಿದ ಕ್ಯಾಲೆಂಡರ್ ಮಾಡಿಸಿ ಹಂಚಿ ಎಂದು ಬಂದ ಪ್ರೆಸ್ಸಿನವನನ್ನು ಗೇಟಿನಿಂದಲೇ ಕಳಿಸಿದ್ದರು. ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ಆ ಫಲಕ ತಿಕ್ಕುವುದು ನನ್ನ ಕೆಲಸ.

ತಾತ ಹೋದ ಮೇಲೂ ತಿಕ್ಕುತ್ತಿದ್ದೆ. ತೆಗೆಯದಿರಲು ಇನ್ನೊಂದು ಕಾರಣವಿತ್ತು, ಅದನ್ನು ನಿಮ್ಮ ಅಮ್ಮನಿಗೂ ಹೇಳಿಲ್ಲ. ಫಲಕ ನೋಡಿ ವಾರಕ್ಕೊಬ್ಬರಾದರೂ ಬೆಲ್ ಒತ್ತುತ್ತಿದ್ದರು. ತಾತ ತೀರಿಕೊಂಡರು ಎಂದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಆಮೇಲೆ ಸಂಜೆಯವರೆಗೂ ಮನೆಯಲ್ಲಿ ಫ್ಯಾನಿನ ಸದ್ದೊಂದೇ. ಬರಬರುತ್ತಾ ಆ ಮಾತನ್ನು ತಡವಾಗಿ ಹೇಳುವುದು ಕಲಿತೆ. ಮೊದಲು ನೀರು, ಆಮೇಲೆ ಕಾಫಿ.

ಒಂದು ಬೆಳಿಗ್ಗೆ ಕಡಕೊಳದ ಕಡೆಯಿಂದ ನನ್ನ ವಯಸ್ಸಿನ ಹೆಂಗಸೊಬ್ಬರು ಬಂದರು. ತವರಿನ ಜಮೀನಿನಲ್ಲಿ ಪಾಲು ಕೇಳಿ ಅಣ್ಣಂದಿರ ಮೇಲೆ ದಾವೆ ಹಾಕಿದ್ದರು. ಆಕೆಯ ವಕೀಲರು ಕೇಸಿನಿಂದ ಹಿಂದೆ ಸರಿದಿದ್ದರಂತೆ. ಅವತ್ತು ಹನ್ನೊಂದಕ್ಕೆ ಕೋರ್ಟಿನಲ್ಲಿ ಕೇಸು ಕೂಗುತ್ತಾರೆ, ಅಷ್ಟರೊಳಗೆ ಬೇರೆ ವಕೀಲರು ಬೇಕು. ಹಿಂದೆ ಅವರ ನಾದಿನಿಯ ಕೇಸು ನಡೆಸಿದ್ದವರು ತಾತ.

"ಸಾಯೇಬ್ರು ಮನೇಲಿ ಅವ್ರಾ?" ಎಂದು ಕೇಳಿದರು.

"ಕೂತ್ಕೊಳ್ಳಿ" ಎಂದೆ.

"ಸ್ನಾನ, ಪೂಜೆ ಎಲ್ಲಾ ಆಗ್ಲಿ ಬುಡಿ, ಕಾಯ್ತೀನಿ."

ಆಗಲೇ ಹೇಳಬೇಕಿತ್ತು. ಅವರು ತಮ್ಮ ಅವ್ವ ನೆಟ್ಟ ಹಲಸಿನ ಮರದ ಕಥೆ ತೆಗೆದರು. ನಾನು ನಮ್ಮೂರ ಸ್ಕೂಲಿನ ಬಗ್ಗೆ ಹೇಳಿದೆ. ಅಷ್ಟು ಮಾತಾಡಿ ನನಗೆ ಎಷ್ಟು ತಿಂಗಳಾಗಿತ್ತೋ. ಗಡಿಯಾರ ನೋಡಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಆಗ ಹೇಳಿದೆ.

ಅವರು ಲೋಟ ಕೆಳಗಿಟ್ಟರು. ಕೂಗಾಡಲಿಲ್ಲ. "ಬಾಗ್ಲಲ್ಲೇ ಹೇಳ್ಬುಟ್ಟಿದ್ರೆ ನಾನೇ ಹೋಗಿ ಜಡ್ಜ್ ಮುಂದೆ ಕೈ ಮುಗೀತಿದ್ನಲ್ಲ ಕಣಮ್ಮ" ಎಂದು ಆಟೋ ಹಿಡಿಯಲು ಓಡಿದರು.

ಅವರು ತಲುಪುವಷ್ಟರಲ್ಲಿ ಕೇಸು ಕೂಗಿ, ಯಾರೂ ಹಾಜರಿಲ್ಲವೆಂದು ವಜಾ ಮಾಡಿದ್ದರು. ಇದು ತಿಳಿದದ್ದು ತಾತನ ಕೈಕೆಳಗೆ ಕೆಲಸ ಕಲಿತಿದ್ದ ಜೂನಿಯರ್ ವಕೀಲರಿಂದ. ಆಕೆ ಹೊರಟ ಕೂಡಲೇ, ಫೋನ್ ಮಾಡಲು ಸದಾ ಹಿಂಜರಿಯುವ ನಾನು, ಆ ಜೂನಿಯರ್‌ಗೆ ಫೋನ್ ಮಾಡಿ ಕೋರ್ಟಿನಲ್ಲಿ ಆಕೆಯನ್ನು ಹುಡುಕಲು ಬೇಡಿಕೊಂಡಿದ್ದೆ. ಜೂನಿಯರ್ ಅರ್ಜಿ ಹಾಕಿ, ತಿಂಗಳುಗಟ್ಟಲೆ ಓಡಾಡಿ, ಕೇಸಿಗೆ ಮತ್ತೆ ಜೀವ ಕೊಟ್ಟರು. ಆಕೆ ನಮ್ಮ ಮನೆಗೆ ಮತ್ತೆ ಬರಲಿಲ್ಲ.

ಅವತ್ತು ಸಂಜೆ ಈಳಿಗೆಮಣೆ ಪಕ್ಕದಲ್ಲಿದ್ದ ಚಾಕುವಿನಿಂದಲೇ ಸ್ಕ್ರೂ ತಿರುಗಿಸಿ ಫಲಕ ತೆಗೆದೆ. ಅದರ ಹಿಂದೆ ಗೋಡೆಯ ಹಳೇ ಹಳದಿ ಬಣ್ಣ ಹಾಗೇ ಇತ್ತು.

ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಇದು. ಗೆಲ್ಲಿಸಿಕೊಡುತ್ತೇನೆ ಎಂದು ಬಸ್ಸಿನ ಹಿಂದೆ ಬರೆಸುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಯಾವ ವಕೀಲರು ಎಲ್ಲಿದ್ದಾರೆ, ಎಂಥ ಕೇಸು ನಡೆಸುತ್ತಾರೆ, ಬದುಕಿದ್ದಾರೋ ಇಲ್ಲವೋ ಎಂಬುದು ಹಳ್ಳಿಯಿಂದ ಬಂದವರಿಗೆ ಸುಲಭವಾಗಿ ತಿಳಿಯುವಂತಿರಬೇಕು. ಅದು ತಿಳಿಯದೆ ಆಕೆ ನಾನು ತಿಕ್ಕಿದ ಹಿತ್ತಾಳೆಯನ್ನು ನಂಬಿದರು.

ಈಗ ಬೆಲ್ ಆದರೆ ನೀವಿರಬಹುದು ಎಂದು ಬೇಗ ಹೋಗುತ್ತೇನೆ. ಹೆಚ್ಚಿನ ಸಲ ಗ್ಯಾಸಿನವನು.