ಹಳದಿಯೋ ಹಸಿರೋ

ನನ್ನ ಗಂಡ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಮಿಸ್ಟ್ ಆಗಿದ್ದರು. ಕರಗಿಸಿದ ಕಬ್ಬಿಣದಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂದು ಪರೀಕ್ಷಿಸಿ ಹೇಳುವುದು ಅವರ ಕೆಲಸ. ಮದುವೆಯಾದ ಹೊಸದರಲ್ಲಿ ಗೋವಾಕ್ಕೆ ಹೋಗಿದ್ದಾಗ, ದಂಡೆಯ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಕರಿ ಪಟ್ಟೆಯ ಪುಟ್ಟ ಮೀನುಗಳನ್ನು ಕಂಡು, ಎಷ್ಟು ಕರೆದರೂ ಅಲ್ಲಿಂದ ಏಳಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಎಂಬತ್ತರ ದಶಕ ಶುರುವಾದ ಹೊತ್ತಿಗೆ ಟಿಳಕವಾಡಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಗೆ ಒಂದು ದೊಡ್ಡ ಗಾಜಿನ ತೊಟ್ಟಿ ಬಂತು. ಅದರೊಳಗೆ ಸಮುದ್ರದ ನೀರು, ಸಮುದ್ರದ ಮೀನು.

ನೀರು ತರುತ್ತಿದ್ದವನು ನನ್ನ ತಮ್ಮ. ನನ್ನ ತವರು ಖಾನಾಪುರ. ಅವನು ಅಲ್ಲಿಂದ ಹಂಚು ತುಂಬಿದ ಲಾರಿಯನ್ನು ಗೋವಾಕ್ಕೆ ಒಯ್ದು, ಬರುವಾಗ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ನೀರು ತುಂಬಿಕೊಂಡು ಬರುತ್ತಿದ್ದ. ಮೀನುಗಳನ್ನೂ ಅವನೇ ಅಲ್ಲಿಯವರಿಂದ ಹಿಡಿಸಿ ತಂದ.

"ಮಾಮಾ, ಗಡಿ ಚೆಕ್‌ನಾಕಾದಾಗ ಪೊಲೀಸ ಕ್ಯಾನ್ ಹಿಡದ್ನರಿ. ಗೋವಾದ ಶೆರೆ ಅಂತ ತಿಳದು ಒಂದು ಗುಟಕ ಕುಡದಬಿಟ್ಟ. ಅವನ ಮಾರಿ ನೀವು ನೋಡಬೇಕಿತ್ತು!" ಎಂದು ಹೇಳಿ ಅವನು ನಕ್ಕಿದ್ದು, ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಮೊದಲು ತಂದ ಮೀನುಗಳಲ್ಲಿ ಎರಡು ಬೇಗನೆ ಸತ್ತವು. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ, ಅದನ್ನು ಅಳೆಯದೆ ಮೀನು ಸಾಕಲಾಗದು ಎಂದು ಇವರು ಹೇಳಿದರು. ಫೌಂಡ್ರಿಯ ರಾಸಾಯನಿಕಗಳು ಇದಕ್ಕೆ ಆಗುತ್ತಿರಲಿಲ್ಲ. ಊರಿನ ಕ್ಯಾಂಪ್ ಭಾಗದಲ್ಲಿ ಹಕ್ಕಿ, ಮೀನು ಮಾರುವ ಒಬ್ಬ ವಯಸ್ಸಾದ ಸಾಹೇಬರ ಅಂಗಡಿಯಿತ್ತು. ಅವರು ಮುಂಬಯಿಯಿಂದ ನೀರಿನ ಅಮೋನಿಯ ಅಳೆಯುವ ಎರಡು ಬಗೆಯ ಟೆಸ್ಟ್ ಕಿಟ್ ತರಿಸಿದ್ದರು. ತೊಟ್ಟಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ನಾವಿಬ್ಬರೂ ಹೋದೆವು.

"ಒಂದು ಇಲ್ಲಿದು, ಒಂದು ಪರದೇಶದ್ದು ಐತ್ರಿ. ಎರಡೂ ನೋಡ್ರಿ, ಮನಸಿಗೆ ಬಂದದ್ದು ಒಯ್ರಿ" ಎಂದು ಅವರು ಪೆಟ್ಟಿಗೆಗಳನ್ನು ಬಿಚ್ಚಿಟ್ಟರು.

ಮೊದಲನೆಯದು ಸಿಹಿನೀರಿಗೆ ಮಾಡಿದ್ದು. ನಮ್ಮ ಉಪ್ಪುನೀರಿಗೆ ಅದರ ಹನಿ ಬಿದ್ದದ್ದೇ ನಳಿಕೆಯೊಳಗೆಲ್ಲ ಮೊಸರು ಕದಡಿದಂತಾಯಿತು. "ಇದು ಬ್ಯಾಡ" ಎಂದು ಇವರು ಬದಿಗಿಟ್ಟರು. ಎರಡನೆಯದರ ಜೊತೆ ಬಣ್ಣದ ಒಂದು ಕಾರ್ಡು ಇತ್ತು. ನೀರು ಹಳದಿಯಾಗಿಯೇ ಉಳಿದರೆ ಒಳ್ಳೆಯದು, ಹಸಿರಾದಷ್ಟೂ ಕೆಟ್ಟದ್ದು. ಹನಿ ಹಾಕಿ, ಅಲುಗಾಡಿಸಿ, ಸ್ವಲ್ಪ ಹೊತ್ತು ಕಾದು, ಇವರು ನಳಿಕೆಯನ್ನು ಕಾರ್ಡಿನ ಪಕ್ಕಕ್ಕೆ ಹಿಡಿದರು.

"ನೋಡು, ಹಳದಿ. ನೀರು ಚಲೋ ಐತಿ."

ನಾನು ನೋಡಿದೆ. ಸಾಹೇಬರೂ ನೋಡಿದರು.

"ರೀ, ಹಸಿರು ಅದ ಅದು" ಎಂದೆ.

"ಎಲ್ಲಿ ಹಸಿರು?"

"ಅಕ್ಕಾವ್ರು ಹೇಳೂದು ಖರೇ ಐತ್ರಿ" ಎಂದು ಸಾಹೇಬರು ಮೆಲ್ಲಗೆ ಹೇಳಿದರು.

ಅಂಗಡಿಯಲ್ಲಿ ಬೆಳಕು ಸಾಲದು ಎಂದು ಇವರು ರಸ್ತೆಗಿಳಿದು ಬಿಸಿಲಿಗೆ ಹಿಡಿದರು. ನಳಿಕೆಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಆಮೇಲೆ ಒಳಗೆ ಬಂದು ಅದನ್ನು ನನ್ನ ಕೈಗೆ ಕೊಟ್ಟರು. ಹಸಿರು ಹಳದಿ ನೋಡದೆಯೂ ಇವರಿಗೆ ತಿಳಿಯುವಂಥದ್ದು ಬೇರೆ ಯಾವುದಾದರೂ ಇದೆಯೇ ಎಂದು ನಾನು ಕೇಳಿದೆ. ಅಮೋನಿಯಕ್ಕೆ ಬೇರೆ ಇಲ್ಲ ಎಂದರು ಸಾಹೇಬರು.

"ಇದನ್ನ ಕಟ್ರಿ. ನೋಡಾಕ ಈಕಿ ಅದಾಳ" ಎಂದರು ಇವರು.

ಮನೆಗೆ ಬಂದ ಮೇಲೆ ಒಂದೊಂದೇ ಮಾತು ಹೊರಬಂತು. ಫೌಂಡ್ರಿಯಲ್ಲೂ ಕೆಲವು ತಿಂಗಳಿಂದ ಹೀಗೇ ಆಗುತ್ತಿತ್ತಂತೆ. ದ್ರಾವಣದ ಬಣ್ಣ ತಿರುಗುವ ಗಳಿಗೆ ಇವರಿಗೆ ಸಿಗುತ್ತಿರಲಿಲ್ಲ. ಪಕ್ಕದ ಮೇಜಿನ ಗೆಳೆಯನನ್ನು ಕರೆದು, "ಗುಲಾಬಿ ಆತೇನೋ?" ಎಂದು ಚೇಷ್ಟೆಯ ದನಿಯಲ್ಲಿ ಕೇಳಿ ಕೆಲಸ ಮುಗಿಸುತ್ತಿದ್ದರು. "ಕನ್ನಡಕ ಬದ್ಲಿ ಮಾಡಿದ್ರ ಸರಿ ಆಗ್ತದ ಅಂದಕೊಂಡಿದ್ದೆ" ಎಂದು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಮಿರಜಿನ ದೊಡ್ಡ ಆಸ್ಪತ್ರೆಗೆ ಹೋದೆವು. ಕಣ್ಣಿನ ನರ ಒಣಗುತ್ತಿದೆ, ಬಣ್ಣ ಮೊದಲು ಹೋಗುತ್ತದೆ, ನೋಟ ಆಮೇಲೆ, ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಹೇಳಿದರು. ತಿರುಗಿ ಬರುವಾಗ ರೈಲಿನ ಕಿಟಕಿಯ ಬದಿಗೆ ನನ್ನನ್ನು ಕೂಡಿಸಲು ಹೋದ ಇವರನ್ನು ತಡೆದು, ಅಲ್ಲಿ ಅವರನ್ನೇ ಕೂಡಿಸಿದೆ. ಬೆಳಗಾವಿಯ ತನಕ ಅವರು ಹೊರಗೇ ನೋಡುತ್ತಿದ್ದರು.

ಆಮೇಲೆ ನೀರಿನ ಪರೀಕ್ಷೆ ನನ್ನ ಪಾಲಿಗೆ ಬಂತು. ನಾನು ನಳಿಕೆ ಹಿಡಿದು ನಿಂತರೆ ಅವರು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು.

"ಎಂಥ ಹಸಿರು?"

"ಬಾಳಿ ಎಲಿ ಸುಳಿ ಇರ್ತದಲ್ರಿ, ಹಂಗ."

"ಹಂಗಾರ ಎರಡು ಕೊಡ ನೀರು ತಗದು ಹೊಸಾದು ಹಾಕು."

ಹೀಗೆ ಬೇಸಿಗೆ ಕಳೆಯಿತು. ಮೀನುಗಳು ಚೇತರಿಸಿಕೊಂಡವು. ಕಾಳು ಹಾಕುವಾಗ ನೀರಿನಲ್ಲಿ ಆಗುವ ಸಣ್ಣ ಸದ್ದಿನಿಂದಲೇ ಯಾವುದು ಮೇಲೆ ಬಂತು ಎಂದು ಅವರು ಹೇಳುತ್ತಿದ್ದರು. ಅಷ್ಟರಲ್ಲಿ ಅವರಿಗೆ ಅವು ನೆರಳಿನಂತೆ ಮಾತ್ರ ಕಾಣುತ್ತಿದ್ದವು.

ಆ ಸಲದ ಮಳೆಗೆ ಗೋವಾದ ಘಾಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ತಮ್ಮನ ಲಾರಿ ಖಾನಾಪುರದಲ್ಲೇ ನಿಂತಿತು. ಕೂಡಿಟ್ಟಿದ್ದ ನೀರೂ ಮುಗಿಯಿತು. ಹಸಿರು ದಿನದಿನಕ್ಕೆ ಗಾಢವಾಗುತ್ತ ಬಂತು.

"ಇವತ್ತ ಎಂಥಾದು?"

"ಮಾವಿನ ಎಲಿ ಹಂಗ್ರಿ. ಬಲತದ್ದು."

ಇವರು ಎದ್ದು ಬಂದು ತೊಟ್ಟಿಯೊಳಗೆ ಕೈ ಇಳಿಸಿದರು. ಮೀನೊಂದು ಬಂದು ಬೆರಳುಗಳ ನಡುವೆ ನಿಂತಿತು. "ಉಸುರಾಡಾಕ ಆಗವಲ್ದು ಇದಕ್ಕ" ಎಂದರು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಮರುದಿನದ ಹೊತ್ತಿಗೆ ಎಲ್ಲವೂ ತೇಲುತ್ತಿದ್ದವು.

ರಸ್ತೆ ಬಿಟ್ಟ ಮೇಲೆ ತಮ್ಮ ಎರಡು ಕೈಯಲ್ಲಿ ಎರಡು ಕ್ಯಾನು ಹಿಡಿದು, ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದ. ಖಾಲಿ ತೊಟ್ಟಿ ನೋಡಿ ಅಲ್ಲೇ ನಿಂತುಬಿಟ್ಟ.

"ತಡಾ ಆತಲ್ಲ ಅಕ್ಕಾ..." ಎಂದು ಕ್ಯಾನುಗಳನ್ನು ಕೆಳಗಿಟ್ಟ.

"ಗುಡ್ಡ ಬಿದ್ರ ನೀ ಏನ ಮಾಡ್ತಿ? ಕುಂದರು, ಚಹಾ ಕುಡಿ" ಎಂದು ಇವರು, ದನಿ ಬಂದ ಕಡೆಗೆ ಕೈ ಚಾಚಿದರು.

ಅಲ್ಲಿಯ ತನಕ ಗೆಳೆಯನ ಕಣ್ಣಿನಿಂದಲೇ ಕೆಲಸ ಸಾಗಿಸಿದ್ದ ಇವರು, ಮಳೆಗಾಲ ಮುಗಿಯುವ ಮೊದಲೇ ತಾವಾಗಿ ಫೌಂಡ್ರಿಯ ಮಾಲೀಕರಿಗೆ ಎಲ್ಲವನ್ನೂ ಹೇಳಿ ಕೆಲಸ ಬಿಟ್ಟರು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಕರೆಯುವ ಕಾರ್ಖಾನೆಯ ಸೈರನ್ನು, ಭೋಂಗಾ, ಕೂಗಿತು. ರೂಢಿಯಂತೆ ಎದ್ದು ಅಂಗಿಯ ತೋಳಿಗೆ ಕೈ ಹಾಕಿದವರು, ಅರ್ಧಕ್ಕೇ ನಿಲ್ಲಿಸಿ ಮಂಚದ ಮೇಲೆ ಕೂತರು. ನಾನು ಹೋಗಿ ಬದಿಗೆ ಕೂತೆ. ಭೋಂಗಾ ನಿಂತ ಮೇಲೆ ಆ ತೋಳನ್ನು ಬಿಡಿಸಿ ಅಂಗಿಯನ್ನು ಗೂಟಕ್ಕೆ ಹಾಕಿದೆ.